ಗೇಟಿನ ಬಳಿ ಕಾಗೆ ಎಂಜಲು

ಆ ಹುಡುಗಿ ಶಾಲೆಯ ಗೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಳಗೆ ಬರಲೊಲ್ಲದೆ ಅಳುತ್ತಿದ್ದಳು. ಬಿಹಾರದಿಂದ ನಮ್ಮ ಅಮೃತಹಳ್ಳಿಗೆ ಬಂದು, ನನ್ನ ಮಗಳ ಎರಡನೇ ತರಗತಿಗೆ ಆಗಷ್ಟೇ ಸೇರಿದವಳು; ಕನ್ನಡ ಬಾರದು.

ಮಗಳು ನನ್ನ ಕೈ ಬಿಡಿಸಿಕೊಂಡು ಹೋದಳು. ಕಡಲೆಮಿಠಾಯಿಯನ್ನು ಸ್ಕರ್ಟಿನ ಅಂಚಿನಲ್ಲಿ ಸುತ್ತಿ, ಎಂಜಲಾಗದಂತೆ ಬಟ್ಟೆಯ ಮೇಲಿಂದಲೇ ಕಚ್ಚಿ ಮುರಿದು, ಒಂದು ತುಂಡು ಚಾಚಿದಳು. "ತಗೊಳೇ, ಕಾಗೆ ಎಂಜಲು ಕಣೇ, ಏನಾಗಲ್ಲ!"

ಹುಡುಗಿ ಅಳು ನಿಲ್ಲಿಸಿ, ಆ ತುಂಡನ್ನು ತನ್ನ ಫ್ರಾಕಿನಲ್ಲಿ ಸುತ್ತಿ, ಹಾಗೆಯೇ ಕಚ್ಚಿ, ಮಗಳಿಗೂ ಪಾಲು ಕೊಟ್ಟಳು. ಇಬ್ಬರೂ ಬಾಯಿ ತುಂಬಿಕೊಂಡು ಒಳಗೆ ಓಡಿದರು.

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ನಿಜಕ್ಕೂ ಹಾಗೇ ನಡೆಯಿತೇ ಎಂದು ಸಂಜೆ ಮಗಳನ್ನು ಕೇಳಿದೆ. "ಹೂಂ ಅಪ್ಪಾ, ದೊಡ್ಡ ತುಂಡು ನಂಗೇ ಕೊಟ್ಳು" ಎಂದಳು. ಅದು ನನಗೆ ಕಂಡೇ ಇರಲಿಲ್ಲ.