ರತ್ನ ಹೊರದ ಹರಕೆ

ನನ್ನ ತಂಗಿ ರತ್ನ ನನಗಾಗಿ ಯಾವ ಹರಕೆಯನ್ನೂ ಹೊತ್ತಿರಲಿಲ್ಲ. ಹೊತ್ತಿದ್ದಾಳೆಂದು ಅವ್ವನಿಗೆ ಹೇಳಿದವನು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಹತ್ತು ವರ್ಷ, ಹೋದ ಭಾನುವಾರದವರೆಗೂ, ಅವ್ವ ಅದನ್ನು ನಂಬಿದ್ದಳು.

ಆಗ ನಾವೆಲ್ಲ ಯಲಹಂಕದ ಹಳೇ ಊರಿನಲ್ಲಿದ್ದೆವು. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಿ.ಎ. ಓದುತ್ತಿದ್ದೆ. ರತ್ನನಿಗೆ ಹದಿನಾಲ್ಕು. ಹಿಂದಿನ ವರ್ಷ ಅವಳು ದೊಡ್ಡವಳಾಗಿದ್ದಳು. ಒಸಗೆ ಮಾಡಿ, ಮೂಲೆಯಲ್ಲಿ ಕೂರಿಸಿ, ಚಿಗಳಿ, ಕೊಬ್ಬರಿ, ತುಪ್ಪ ಎಂದು ದಿನವಿಡೀ ತಿನ್ನಿಸಿದರು. ಬಂದ ಹೆಂಗಸರು ಕೆನ್ನೆ ಹಿಂಡಿ, "ಗುಂಡ್‌ಗುಂಡ್ಗೆ ಆಗವ್ಳೆ, ಇನ್ನೇನು ಗಂಡು ಉಡುಕ್ರವ್ವ" ಎಂದು ನಗುತ್ತಿದ್ದರು. ಮೂಲೆಯಿಂದ ಎದ್ದ ಮೇಲೆ ಅವಳನ್ನು ಶಾಲೆಗೆ ಕಳಿಸಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ — ಅದು ಕೇಳುವ ವಿಷಯವೆಂದೇ ನನಗೆ ಆಗ ಅನಿಸಿರಲಿಲ್ಲ.

ಅವಳ ಊಟ ಯಾವತ್ತಿನಿಂದ ಕಡಿಮೆಯಾಯಿತು... ನೆನಪನ್ನು ಎಷ್ಟು ಕೆದಕಿದರೂ ಇಂಥ ದಿನವೆಂದು ಸಿಗುವುದಿಲ್ಲ. ಚೂರುಗಳು ಸಿಗುತ್ತವೆ. ಮುದ್ದೆಯನ್ನು ನಿಂಬೆಹಣ್ಣಿನಷ್ಟು, ಆಮೇಲೆ ಗೋಲಿಯಷ್ಟು ಮುರಿಯುತ್ತಿದ್ದ ಬೆರಳು. ಎಮ್ಮೆಯ ಕಲಗಚ್ಚಿನ ಬಾನಿಯಲ್ಲಿ ತೇಲುತ್ತಿದ್ದ ಅನ್ನ. ಬಿಸಿಲಲ್ಲೂ ಹೊದ್ದಿರುತ್ತಿದ್ದ ಕಂಬಳಿ. ಹಾಗೆಂದು ಅವಳು ಮುದುಡಿ ಮಲಗಿದವಳಲ್ಲ. ಅಂಗಳವನ್ನು ಎರಡೆರಡು ಸಲ ಗುಡಿಸುವಳು, ಎಲ್ಲರಿಗೂ ಕೇಳಿ ಕೇಳಿ ಬಡಿಸುವಳು, ಬಾಯಿ ತೆರೆದರೆ ಅಡುಗೆಯ ಮಾತು — ತಾನು ಮಾತ್ರ ತಿನ್ನಳು.

ಅವ್ವ ಬಿಡುತ್ತಿರಲಿಲ್ಲ. ಹೊತ್ತುಹೊತ್ತಿಗೂ ಎದುರಿಗೆ ಕೂತು ಜಗಳ.

"ತಿನ್ನೇ! ಮೈಯಾಗೆ ಮೂಳೆ ಬಿಟ್ರೆ ಏನೈತೆ?"

"ಒಟ್ಟೆ ತುಂಬೈತೆ ಕಣವ್ವ."

"ಯಾತ್ರಾಗೆ ತುಂಬ್ತು, ಗಾಳಿ ಕುಡ್ದಾ?"

ಅಳು, ಬೈಗುಳ, ತಟ್ಟೆಯ ಸದ್ದು. ಆ ಜಗಳದ ನಡುವೆಯೇ ನಾಲ್ಕು ತುತ್ತು ಅವಳ ಹೊಟ್ಟೆ ಸೇರುತ್ತಿತ್ತು. ಇದು ಈಗ ತಿಳಿದ ಮಾತು. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ಪರೀಕ್ಷೆಗೆ ಆರು ವಾರವಿದೆ, ಈ ಗಲಾಟೆಯಲ್ಲಿ ಓದಲಾಗುತ್ತಿಲ್ಲ.

ಒಂದು ಮಧ್ಯಾಹ್ನ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದೆ. "ಬಿಟ್ಬಿಡವ್ವ ಅವಳನ್ನ. ನಾನು ಪಾಸಾಗೋವರ್ಗೂ ಹೊಟ್ಟೆ ತುಂಬ ಉಣ್ಣಲ್ಲ ಅಂತ ಹರಕೆ ಹೊತ್ತವ್ಳೆ. ಹೇಳ್ಬಾರ್ದು ಅಂತ ಸುಮ್ನವ್ಳೆ."

ಅವ್ವ ದಂಗಾದಳು. "ಅಂಗಂತ ಮೊದ್ಲೇ ಯೋಳ್ಬಾರ್ದೇನೇ, ನನ್ನವ್ವ!" ಎಂದು ರತ್ನನ ತಲೆ ಸವರಿ, ಅವಳ ಮುಂದಿದ್ದ ತಟ್ಟೆಯನ್ನು ತಾನೇ ಎತ್ತಿಟ್ಟಳು. ರತ್ನ ನನ್ನನ್ನು ನೋಡಿದಳು.

ಹರಕೆ ಕೆಟ್ಟರೆ ಕೆಡುಕು ತಟ್ಟುವುದು ಹೊತ್ತವರಿಗಲ್ಲ, ಯಾರಿಗಾಗಿ ಹೊತ್ತರೋ ಅವರಿಗೆ — ನಮ್ಮ ಮನೆಯಲ್ಲಿ ಇದು ಗಟ್ಟಿ ನಂಬಿಕೆ. ಅಂದಿನಿಂದ ಅವ್ವ ಕಾವಲು ನಿಂತಳು, ಮಗಳು ತಿನ್ನದಿರಲೆಂದು. ಚಿಕ್ಕಮ್ಮ ಒಬ್ಬಟ್ಟು ತಂದರೆ, "ಅವಳ ಕಣ್ಣಿಗೆ ಬೀಳಂಗೆ ಇಕ್ಬೇಡ ಕಣೇ, ನನ್ ಮಗನ ಪಾಸಿನ ಇಸ್ಯ" ಎಂದು ಹಿಂದಕ್ಕೆ ಕಳಿಸಿದಳು. ಮನೆ ತಣ್ಣಗಾಯಿತು.

ಆ ದಿನದ ದಿನಚರಿ ನನ್ನ ಮುಂದಿದೆ. ನನ್ನ ನೆನಪು ನನ್ನ ಪರವೇ ವಾದಿಸುತ್ತದೆಂದು ತಿಳಿದು ತೆಗೆದು ನೋಡಿದೆ. ಮನಸ್ಸು ಅಳುಕಿತೆಂದೋ ಅವಳಿಗೆ ಕನಿಕರಪಟ್ಟೆನೆಂದೋ ಎಲ್ಲಾದರೂ ಬರೆದಿರಬಹುದು ಎಂಬ ಆಸೆ. ಇರುವುದು ಒಂದೇ ಸಾಲು: 'ಇಂದು ಚೆನ್ನಾಗಿ ಓದಿದೆ.'

ಪಾಸಾದೆ. ಹರಕೆ ಕೈಗೂಡಿತೆಂದು ಅವ್ವ ಹಬ್ಬದ ಅಡುಗೆ ಮಾಡಿ ಮೊದಲ ಎಲೆಯನ್ನು ರತ್ನನಿಗೆ ಹಾಕಿದಳು. ಎಲ್ಲರೂ ನೋಡುತ್ತಿದ್ದರು. ಅವಳು ಪಾಯಸಕ್ಕೆ ಬೆರಳಿಟ್ಟಳು, ಬಾಯಿಗೆ ಒಯ್ಯಲಾಗಲಿಲ್ಲ. ಎದ್ದು ಹೋದವಳು ಹಿತ್ತಿಲ ಬಾಗಿಲಲ್ಲಿ ಕುಸಿದಳು. ಎತ್ತಿಕೊಂಡೆ. ಒಣ ಸೌದೆಯ ಹೊರೆಯಷ್ಟೂ ಭಾರವಿರಲಿಲ್ಲ.

ಆಸ್ಪತ್ರೆಯಲ್ಲಿ ಅವ್ವ ಹೆಮ್ಮೆಯಿಂದಲೇ ಹೇಳಿದಳು: "ಅರಕೆ ಡಾಕ್ಟ್ರಮ್ಮಾ, ಅವರಣ್ಣಂಗೋಸ್ಕರ." ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೀವು ಓದಿದೋರು. ಹರಕೆ ಮುಗಿದ್ಮೇಲೂ ಯಾಕ್ರೀ ತಿಂತಿಲ್ಲ?" ಉತ್ತರ ನಾಲಿಗೆಯ ತುದಿಯಲ್ಲಿತ್ತು. ನೆಲ ನೋಡಿದೆ. ಒಂದು ಸುಳ್ಳನ್ನು ಎರಡನೆಯ ಸಲ ಹೇಳಲು ಬಾಯಿಯೂ ಬೇಕಾಗಲಿಲ್ಲ.

ಅವರು ರತ್ನನನ್ನು ಬೈಯಲಿಲ್ಲ. "ಇದು ಹಟ ಅಲ್ಲ, ಭಕ್ತಿನೂ ಅಲ್ಲ. ಕಾಯಿಲೆ. ಬಲವಂತ ಮಾಡಿದ್ರೂ ವಾಸಿಯಾಗಲ್ಲ, ಸುಮ್ನೆ ಬಿಟ್ರೂ ಆಗಲ್ಲ" ಎಂದು ಅಪ್ಪನಿಗೆ ತಿಳಿಹೇಳಿದರು. ದಿನಾ ಅವಳ ಹಾಸಿಗೆಯ ಬಳಿ ಕೂತು, ಚಮಚ ಚಮಚ ಗಂಜಿಯ ನಡುವೆ ಅದೂ ಇದೂ ಮಾತಾಡಿ, ಕೊನೆಗೊಂದು ದಿನ ನಿನಗೇನು ಬೇಕಮ್ಮ ಎಂದು ಕೇಳಿದರು. ನಾವು ಯಾರೂ ಕೇಳದ ಪ್ರಶ್ನೆ. "ಸ್ಕೂಲು" ಅಂದಳು. ಅಪ್ಪ ಮರುಮಾತಾಡದೆ ಕಳಿಸಿದ. ಊಟ ಮರಳಲು ಎರಡು ವರ್ಷ ಹಿಡಿಯಿತು — ನಾಲ್ಕು ಹೆಜ್ಜೆ ಮುಂದೆ, ಮೂರು ಹಿಂದೆ.

ಈಗ ರತ್ನ ಬಾಗಲೂರಿನ ಕಡೆಯ ಶಾಲೆಯೊಂದರಲ್ಲಿ ಟೀಚರು. ನಾನಿರುವುದು ಯಶವಂತಪುರದಲ್ಲಿ. ಭಾನುವಾರ ಯಲಹಂಕದ ಮನೆಯಲ್ಲಿ ಸೇರುತ್ತೇವೆ. ಹೋದ ವಾರ ಜಗಲಿಯ ಎಳೆಬಿಸಿಲಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. "ಇವತ್ತು ನಂಗೆ ಎರಡು ಮುದ್ದೆ ಕಣಣ್ಣ, ಈಗ್ಲೇ ಹೇಳಿದೀನಿ" ಅಂದಳು. ಎಂಥ ಸುಖದ ಬೆಳಗು ಅದು! ಆ ಧೈರ್ಯದಲ್ಲೇ ಕೇಳಿದೆ: "ಅವತ್ತು ಅವ್ವ ತಟ್ಟೆ ಎತ್ತಿದಾಗ ನನ್ನ ನೋಡಿದೆಯಲ್ಲ, ಸದ್ಯ ಬಿಡಿಸ್ದ ಅಂತ ತಾನೆ?" ಹತ್ತು ವರ್ಷ ಆ ನೋಟವನ್ನು ನಾನು ಕೃತಜ್ಞತೆಯೆಂದೇ ಇಟ್ಟುಕೊಂಡಿದ್ದೆ.

ಅವಳ ಕೈ ನಿಲ್ಲಲಿಲ್ಲ. "ಸದ್ಯ ಅಂತಾನೂ ಅನ್ನಿಸ್ತು. ಆದ್ರೆ ಇನ್ಮೇಲೆ ಯಾರೂ ತಿನ್ನು ಅನ್ನಲ್ಲ ಅಂತ ಭಯ ಆಯ್ತು ಕಣಣ್ಣ. ನೀನಾದ್ರೂ ಏನಾಯ್ತೇ ಅಂತ ಕೇಳ್ತೀಯ ಅಂದ್ಕೊಂಡಿದ್ದೆ." ಆಮೇಲೆ ನಕ್ಕಳು. "ಮತ್ತೆ ಸಣ್ಣೋಳಾದ್ರೆ ಸ್ಕೂಲಿಗೆ ಕಳಿಸ್ತಾರೆ ಅಂತಿದ್ದೆ, ನೋಡು ನನ್ ಬುದ್ಧಿ!"

ಅದೊಂದೇ ಕಾರಣವೋ, ಅವಳಿಗೂ ಗೊತ್ತಿಲ್ಲದ್ದು ಇನ್ನೇನಿತ್ತೋ. ನಾನು ನಗಲಾರದೆ ಹೇಳಿದೆ: "ಅವ್ವನಿಗೆ ಹೇಳ್ಬಿಡ್ತೀನಿ."

"ಹೇಳು. ಊಟ ಆದ್ಮೇಲೆ ಹೇಳು."

ಅವಳು ಎರಡು ಮುದ್ದೆಯನ್ನೂ ಮುಗಿಸಿದಳು. ತಟ್ಟೆಗಳು ತೊಳೆದಾದವು. ಅವ್ವನನ್ನು ಕೂರಿಸಿ ಹೇಳಿದೆ: "ಅವ್ವ, ರತ್ನ ಯಾವ ಹರಕೇನೂ ಹೊತ್ತಿರ್ಲಿಲ್ಲ. ಓದೋಕೆ ಗಲಾಟೆ ಆಗ್ತಿತ್ತು, ಅದಕ್ಕೆ ಸುಳ್ಳು ಹೇಳ್ದೆ."

ಅವ್ವ ನನ್ನ ಮುಖ ನೋಡಲಿಲ್ಲ. ನೋಡೆಂದು ಕೇಳುವ ಹಕ್ಕು ನನಗಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಎದ್ದು, ಒಳಗಿನಿಂದ ರತ್ನನ ತಟ್ಟೆಯನ್ನು ತಂದು, ಅರ್ಧ ಮುದ್ದೆ ಇಟ್ಟು ಸಾರು ಬಿಟ್ಟು, ಅವಳ ಮುಂದಿಟ್ಟಳು.

"ಒಟ್ಟೆ ತುಂಬೈತೆ ಕಣವ್ವ" ಎಂದಳು ರತ್ನ. ಈ ಸಲ ಅದು ನಿಜವಾಗಿತ್ತು. ಆದರೂ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು.