ಕಪ್ಪು ಬಿಳುಪಿನಲ್ಲಿ ಅಪ್ಪ

ಹರೆಯದಲ್ಲಿ ನನ್ನ ಅವ್ವ ನಾಟಕ ಕಂಪನಿಯ ನಾಯಕಿ. ಅಥಣಿ, ಕಾಗವಾಡದ ಕಡೆ ಕಂಪನಿ ಕ್ಯಾಂಪು ಹಾಕಿದರೆ ಅವಳ ಪಾತ್ರ ನೋಡಲು ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ ರಾಯಬಾಗದ ದರ್ಜಿಯನ್ನೇ ಅವಳು ಮದುವೆಯಾದಳು. ನಾನು ಹುಟ್ಟಿದ ಮೇಲೆ ಅವಳ ತುಟಿಯ ಪಕ್ಕ ಒಂದು ಬಿಳಿ ಚುಕ್ಕೆ ಮೂಡಿತು. ಬಣ್ಣ ಹಚ್ಚಿ ಕೆಲಕಾಲ ಮುಚ್ಚಿಕೊಂಡಳು. ತೊನ್ನು ಕುತ್ತಿಗೆಗೂ ಕೈಗೂ ಹರಡಿದಾಗ ಮಾಲೀಕರು, "ಸ್ವಲ್ಪ ದಿವಸ ಮನ್ಯಾಗ ಆರಾಮ ಇರ್ರಿ" ಎಂದರು. ಮತ್ತೆ ಕರೆಯಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಚಿಕ್ಕೋಡಿಯಲ್ಲಿ ನನ್ನ ಜೊತೆ ಇದ್ದಾಳೆ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಿಪ್ಪಾಣಿಯ ತರುಣ ನಿರ್ದೇಶಕನೊಬ್ಬ ಮನೆಗೆ ಬಂದು, ಅವ್ವನ ಜೀವನವನ್ನೇ ಸಿನಿಮಾ ಮಾಡುತ್ತೇನೆ, ಅದೂ ಪೂರ್ತಿ ಕಪ್ಪು ಬಿಳುಪಿನಲ್ಲಿ ಎಂದ.

"ಯಾಕ ತಮ್ಮಾ, ಬಣ್ಣದ್ದು ತುಟ್ಟಿ ಆಗ್ತೈತೇನು?" ಎಂದು ಅವ್ವ ನಕ್ಕಳು.

"ಹಂಗಲ್ರೀ ಅವ್ವಾರ. ಬಣ್ಣ ಇದ್ರ ಜನ ಸೀರಿ ನೋಡ್ತಾರ, ಮನಿ ಗ್ವಾಡಿ ನೋಡ್ತಾರ. ಬಣ್ಣ ತಗದ್ರ ನಿಮ್ಮ ಮಾರಿ ಅಷ್ಟ ಉಳಿತೈತಿ."

ಆ ಮಾತು ನನಗೂ ಹಿಡಿಸಿತು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಅವನು ಬಂದು ಅವ್ವನ ಎದುರು ಕೂತು ಕತೆ ಕೇಳುತ್ತಿದ್ದ.

ಸಿನಿಮಾ ಯಾವ ಟಾಕೀಸಿಗೂ ಬರಲಿಲ್ಲ. ಆದರೆ ಮೊಬೈಲಿನಿಂದ ಮೊಬೈಲಿಗೆ, ಕಾಲೇಜಿನಿಂದ ಕಾಲೇಜಿಗೆ ಹರಿದಾಡಿತು. ಹುಡುಗರು ಅದರ ಮಾತುಗಳನ್ನು ಬಾಯಿಪಾಠ ಮಾಡಿದರು, ಅದರ ಚಿತ್ರಗಳನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು. ಶೇಡಬಾಳದಿಂದ ಒಬ್ಬ ಹುಡುಗಿ ಬಂದು ಅವ್ವನ ಕೈ ಹಿಡಿದು ಅತ್ತಳು. ಅವಳ ಕೈಮೇಲೂ ಬಿಳಿ ಮಚ್ಚೆಗಳಿದ್ದವು.

ಮೊದಲ ಸಲ ನೋಡಿದಾಗ ನಾನೂ ಬೆರಗಾಗಿದ್ದೆ. ಅವ್ವ ಉದ್ದ ತೋಳಿನ ಕುಪ್ಪಸದೊಳಗೆ ಮುಚ್ಚಿಟ್ಟುಕೊಂಡು ಬಂದ ತೊನ್ನು ಪರದೆಯ ಮೇಲೆ ಬೆಳದಿಂಗಳು ಬಿದ್ದಂತೆ ಕಾಣುತ್ತಿತ್ತು. ಆಮೇಲೆ ಆ ದೃಶ್ಯ ಬಂತು. ಎಳೆ ಬೆಳಗಿನಲ್ಲಿ ಗಂಡ ಗಂಟು ಹೆಗಲಿಗೇರಿಸಿಕೊಂಡು ಮನೆ ಬಿಡುತ್ತಾನೆ. ಯಡೂರಿನ ಹೊಳೆದಂಡೆಯ ಹೊಲಗಳಲ್ಲಿ ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆ. ಅವನ ಬೆನ್ನು ಆ ಬಿಳಿ ಹೊಗೆಯಲ್ಲಿ ಮೆಲ್ಲಗೆ ಕರಗುತ್ತದೆ. ಹೆಂಡತಿ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಮುಂದೆ ಸಿನಿಮಾದಲ್ಲಿ ಅವನ ಸುದ್ದಿಯೇ ಇಲ್ಲ.

ನಾನು ಕಂಡ ಅಪ್ಪ ಅವ್ವನನ್ನು ಬಸ್ಸಿನಲ್ಲಿ ಮಿರಜದ ದವಾಖಾನೆಗೆ ಕರೆದೊಯ್ಯುತ್ತಿದ್ದ, ಬಿಸಿಲಲ್ಲಿ ಕೂರಿಸಿ ಅವಳ ಕೈಗೆ ಔಷಧದ ಎಣ್ಣೆ ತಿಕ್ಕುತ್ತಿದ್ದ. ಹೀಗೆ ಸುಳ್ಳು ಕಟ್ಟಬಹುದೇ ಎಂದು ಮೈ ಉರಿಯಿತು. ಆದರೂ ಆ ದೃಶ್ಯ ಬಂದಾಗಲೆಲ್ಲ ಕಣ್ಣು ಕೀಳದೆ ನೋಡುತ್ತಿದ್ದೆ. ಅಷ್ಟು ಚೆನ್ನಾಗಿತ್ತು ಅದು. ಹಳೆಯ ಫೋಟೊದಂತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. "ನಿಮ್ಮ ತಂದಿಯವರು ಖರೇನ ಬಿಟ್ಟು ಹೋಗಿದ್ರೇನ್ರಿ?" ಎಂದು ಜೊತೆಯ ಶಿಕ್ಷಕಿಯರು ಕೇಳಿದರು. "ಇಲ್ರಿ, ಅದು ಸಿನಿಮಾ" ಎಂದರೆ ಪಾಪ ಎನ್ನುವಂತೆ ನೋಡಿದರು. ರಾಯಬಾಗದ ಸೋದರತ್ತೆ ಫೋನಿನಲ್ಲಿ, "ಸತ್ತಾಂವನ ಮಾರಿಗೆ ಮಸಿ ಬಳದ್ರಲ್ಲ ತಾಯಿ ಮಗಳು ಕೂಡಿ" ಎಂದು ಬೈದು, ಮಾತು ಬಿಟ್ಟಳು.

ಹೋದ ಚಳಿಗಾಲ ನಿಪ್ಪಾಣಿಯ ಒಂದು ಕಾಲೇಜಿನವರು ಪ್ರದರ್ಶನವಿಟ್ಟು ನಮ್ಮಿಬ್ಬರನ್ನೂ ಕರೆದರು. ಸಿನಿಮಾ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಅದೇ ಪ್ರಶ್ನೆ ಕೇಳಿದಳು. ಇವತ್ತಾದರೂ ಎಲ್ಲರೆದುರು ಹೇಳಿಬಿಡಬೇಕೆಂದು ನಾನು ಮೈಕಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವ್ವ ಅದನ್ನು ತನ್ನ ಕಡೆ ಎಳೆದುಕೊಂಡು, "ಹೌದವಾ, ಹೋಗಿದ್ದರು" ಎಂದಳು.

ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈ ಮೇಜಿನ ಮೇಲೆ ಹಾಗೇ ಉಳಿಯಿತು.

ಚಿಕ್ಕೋಡಿಯ ಬಸ್ಸು ಹತ್ತಿದ ಮೇಲೆ ಕೇಳಿದೆ: "ಖರೇನ ಅವ್ವಾ?"

"ನೀ ಇನ್ನೂ ಮೊಲಿ ಕುಡಿಯೂ ಕೂಸು. ಇಚಲಕರಂಜಿಗೆ ಹೊಲಿಗಿ ಕೆಲಸಕ್ಕ ಹೊಂಟೀನಿ ಅಂದ. ಕೆಲಸಕ್ಕ ಅಲ್ಲ ಅಂತ ನನಗ ಗೊತ್ತಿತ್ತು. ನನ್ನ ಮಾರಿ ನೋಡೂದ ಬಿಟ್ಟಿದ್ದ."

"ನನಗ ಯಾಕ ಹೇಳ್ಲಿಲ್ಲ?"

"ತಿರಗಿ ಬಂದಾನಲ್ಲ. ಬಂದ ಮ್ಯಾಲ ಏನ್ ಹೇಳೂದು?"

"ಆ ಹುಡುಗಗ ಹೇಳಿದೆಲ್ಲ?"

ಅವ್ವ ಕಿಟಕಿಯ ಹೊರಗೆ ನೋಡಿದಳು. "ಆಂವ ಕೇಳಿದ. ನೀ ಒಂದಿನಾರ ಕೇಳೀಯೇನು? ಬಂದಿದ್ದನ್ನೂ ಹೇಳೀನಿ. ಹಸರು ಬಳಿ ತಂದಿದ್ದ ನಿಮ್ಮಪ್ಪ. ಅದನ್ನ ಬಿಟ್ಟಾನ ಆಂವ."

ಮರುದಿನವೇ ನಿರ್ದೇಶಕನಿಗೆ ಫೋನು ಮಾಡಿದೆ. "ಶೂಟ್ ಮಾಡೀನ್ರೀ ಅಕ್ಕಾರ" ಎಂದ ಅವನು ಸಂಕೋಚದಿಂದ. "ಹಸರು ಬಳಿ ಕಪ್ಪಗ ಕಂಡ್ವು. ನೋಡಿದವರಿಗೆ ಏನೋ ಅಪಶಕುನ ಅನ್ನಿಸ್ತು. ಹೋಗೂದು ಎಷ್ಟ ಚಂದ ಬಂದಿತ್ತಂದ್ರ, ಬರೂದು ಅದರ ಮುಂದ ನಿಲ್ಲಲಿಲ್ರಿ."

ಬೈಯಬೇಕೆಂದುಕೊಂಡಿದ್ದವಳು, ಅದನ್ನು ನನಗೆ ಕಳಿಸು ಎಂದೆ. ಅವನು ಆ ತುಣುಕನ್ನು ಮೊಬೈಲಿಗೆ ಕಳಿಸಿದ. ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಅವ್ವ, ನಾನು ನೋಡಿದೆವು. ನಟ ನಗುತ್ತ ಒಳಬಂದು ಬಳೆ ತೊಡಿಸುತ್ತಾನೆ.

"ಹಿಂಗಲ್ಲ" ಎಂದಳು ಅವ್ವ. "ನಕ್ಕಿರಲಿಲ್ಲ ಆಂವ. ಹೊರಗ ಕಟ್ಟಿಮ್ಯಾಲ ಕುಂತಿದ್ದ. ನೀರ ಕೊಡು ಅಂದ. ಕೊಟ್ಟೆ. ಕುಡದು ಚರಗಿ ಬಾಜೂಕ ಬಳಿ ಇಟ್ಟ."

"ತೊಟ್ಟುಕೊಂಡೆ ಹೌದಲ್ಲ?"

"ಲಗೂನ ಇಲ್ಲ, ಭಾಳ ದಿನದ ಮ್ಯಾಲ" ಎಂದಷ್ಟೇ ಹೇಳಿ, ಒಣಗಿದ ಬಟ್ಟೆ ತೆಗೆಯಲು ಅವಳು ಹಿತ್ತಲಿಗೆ ಹೋದಳು. ಅಪ್ಪನ ಬಗ್ಗೆ ಕೇಳಬೇಕಾದದ್ದು ಇನ್ನೂ ಬಹಳವಿದೆ. ಬಾಯಿ ತೆರೆಯಲು ನನಗೇ ಧೈರ್ಯ ಸಾಲುತ್ತಿಲ್ಲ.