ಬಿಸಿಲೂರಿನ ಸೇಬು, ಮಂಜೂರಿನ ಸೇಬು

ಸೇಬಿನ ಎಲೆ ಕಂಡರೆ ರಿಸ್ಕಾನಳ ಕಾಲು ಅಲ್ಲೇ ನಿಲ್ಲುತ್ತದೆ. ದನ ಹೊಡೆದುಕೊಂಡು ಹೊರಟವಳು ಎಲೆಯೊಂದನ್ನು ಕಿತ್ತು, ಅಂಗೈ ಮೇಲಿಟ್ಟು ಅಗಲ ನೋಡುತ್ತ ನಿಂತರೆ, ದನಗಳು ಅಷ್ಟರಲ್ಲಿ ಯಾರದೋ ಹುಲ್ಲಿಗೆ ಬಾಯಿ ಹಾಕಿರುತ್ತವೆ. ಈ ಹುಚ್ಚು ಹತ್ತಿದ್ದು ಅವಳ ತಂಗಿ ಆಡಿದ ಮಾತಿನಿಂದ.

ರಿಸ್ಕಾನಳ ತವರು ಮಧ್ಯ ಏಷ್ಯಾದ ತಿಯಾನ್‌ಶಾನ್ ಬೆಟ್ಟದ ಕೆಳಗಿನ ಒಣ ಇಳಿಜಾರು. ಅಲ್ಲಿ ಅವಳ ತಾಯಿ ಜೋಪಾನ ಮಾಡಿದ ಕಾಡುಸೇಬಿನ ಮರವಿತ್ತು. ದಪ್ಪನೆಯ ಸಣ್ಣ ಎಲೆ, ಆಕ್ರೋಟಿನಷ್ಟೇ ದೊಡ್ಡ ಕೆಂಪು ಹಣ್ಣು, ತಿಂದರೆ ಜೇನು. ಮದುವೆಯಾಗಿ ಮೇಲಿನ ಮಂಜಿನೂರಿಗೆ ಹೊರಟಾಗ ರಿಸ್ಕಾನ್ ಅದರ ಬೇರಿನಿಂದೆದ್ದ ಮರಿಯೊಂದನ್ನು ಒದ್ದೆ ಕಂಬಳಿಯಲ್ಲಿ ಸುತ್ತಿ ಒಯ್ದು ಹಿತ್ತಲಲ್ಲಿ ನೆಟ್ಟಳು. ತಾಯಿ ತೀರಿಕೊಂಡ ಮೇಲೆ ಒಂದು ವಸಂತದಲ್ಲಿ ಗುಡ್ಡ ಕುಸಿದು ತಾಯಿಮರವೂ ಹೋಯಿತು. ತಂಗಿ ಸೋನುನ್ ಒಂದು ಮರಿ ಕೇಳಲೆಂದು ಕುದುರೆಯೇರಿ ಮೇಲೆ ಬಂದಳು.

ಬಂದು ನೋಡಿದರೆ ಎಲೆ ಅಂಗೈಯಗಲ, ಹಣ್ಣು ಹಚ್ಚಹಸಿರು, ಮುಷ್ಟಿ ಗಾತ್ರ. ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ.

"ಅಮ್ಮನ ಮರಾನ ಒಣಗಿಸಿಬಿಟ್ಟಿದ್ದೀಯ ಅಕ್ಕಾ. ಯಾವ್ದೋ ಮರ ತೋರ್ಸಿ ನನ್ ಕಣ್ಣಿಗೆ ಮಣ್ಣೆರಚಬೇಡ."

ರೊಟ್ಟಿಯ ಚೂರೂ ಮುರಿಯದೆ ಇಳಿದು ಹೋದಳು. ನಮ್ಮ ಬೆಟ್ಟದ ಕಡೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ರಿಸ್ಕಾನಳಿಗೆ ನೋವಾಯಿತು. ಆದರೆ ನೋವಿಗಿಂತ ಅನುಮಾನವೇ ಹೆಚ್ಚು ಕೊರೆಯಿತು. ತಂಗಿ ಹೇಳಿದ್ದೇ ನಿಜವಾಗಿದ್ದರೆ? ನೆಟ್ಟ ಮರಿ ಎಂದೋ ಸತ್ತು, ಆ ಜಾಗದಲ್ಲಿ ಬೇರೆ ಬೀಜ ಮೊಳೆತಿದ್ದರೆ? ಇಷ್ಟು ಕಾಲ ಅಮ್ಮನದೆಂದು ನೀರೆರೆದದ್ದು ಯಾರ ಮರಕ್ಕೆ?

ಸಂತೆಗೆ ಇಳಿಯುವಾಗೆಲ್ಲ ದಾರಿಯ ಕಾಡುಸೇಬುಗಳನ್ನು ನೋಡತೊಡಗಿದಳು. ಮಂಜು ಕೂರುವ ಕಡೆ ಎಲೆ ಅಗಲ. ಇಳಿದಂತೆಲ್ಲ ಬಿಸಿಲು ಬಲಿತು ಎಲೆ ಕಿರಿದಾಗಿ ದಪ್ಪವಾಗುತ್ತಿತ್ತು, ಹಣ್ಣು ಸಣ್ಣಗಾಗುತ್ತಿತ್ತು. ಇದೆಲ್ಲ ಹವೆಯದೇ ಕೆಲಸವಿರಬಹುದೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಮರುವಸಂತ ತನ್ನ ಮರದ ಬೇರಿನ ಮರಿಯೊಂದನ್ನು ಕೆಳಗೊಯ್ದು ತವರಿನ ಇಳಿಜಾರಿನಲ್ಲಿ ನೆಟ್ಟಳು. ಸೋನುನ್ ತವರುಮನೆಯ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ನೆಡಲು ಕೈಹಾಕಲಿಲ್ಲ. ಆದರೂ ಬೇಸಿಗೆಯಲ್ಲಿ ಅದಕ್ಕೆ ನೀರು ಹೊತ್ತು ಹಾಕುತ್ತಿದ್ದವಳು ಅವಳೇ ಎಂಬ ಸುದ್ದಿ ಸಂತೆಯಲ್ಲಿ ರಿಸ್ಕಾನಳ ಕಿವಿಗೆ ಬೀಳುತ್ತಿತ್ತು.

ವರ್ಷಗಳು ಹೋದವು. ಒಂದು ಶರತ್ಕಾಲದಲ್ಲಿ ಸೋನುನ್ ಹೇಳದೆ ಕೇಳದೆ ಬಂದು ತಲೆವಸ್ತ್ರದ ಗಂಟು ಬಿಚ್ಚಿದಳು. ಇಳಿಜಾರಿನಲ್ಲಿ ನೆಟ್ಟಿದ್ದ ಮರದ್ದೇ ದಪ್ಪ ಎಲೆಯ ಸಣ್ಣ ರೆಂಬೆ, ಅದರಲ್ಲಿ ಪುಟ್ಟ ಕೆಂಪು ಹಣ್ಣು. ರಿಸ್ಕಾನ್ ಕಚ್ಚಿದಳು. ಅದೇ ಸಿಹಿ. ಅವಳ ಕಣ್ಣು ತುಂಬಿತು.

ಸೋನುನ್ ಹಿತ್ತಲಿಗೆ ಹೋಗಿ ಹಸಿರು ಹಣ್ಣೊಂದನ್ನು ಕಿತ್ತು, ಹುಳಿಗೆ ಮುಖ ಕಿವುಚುತ್ತಲೇ ಬೀಜದವರೆಗೂ ತಿಂದಳು.

"ಇಷ್ಟು ವರ್ಷ ಅಮ್ಮ ಇಲ್ಲೂ ಇದ್ಲಲ್ಲ ಅಕ್ಕಾ, ನಾನೇ ಬರ್ಲಿಲ್ಲ," ಎಂದು ಇನ್ನೊಂದು ಹಣ್ಣಿಗೆ ಕೈ ಚಾಚಿದಳು.